ಅಲ್ಪಾಯುಷಿ ಅನಿಲಗಳು

ಹಳೆಯ ಕೆರೆಯ ಅಂಚಿನಲ್ಲಿ, ಕೆಸರು ಮಡುಗಟ್ಟಿದ ಕಡೆ, ಉದ್ದನೆಯ ಕೋಲೊಂದನ್ನು ನೀರಿಗಿಳಿಸಿ ತಳವನ್ನು ಕದಡಿದರೆ ಗುಳುಗುಳನೆ ಗುಳ್ಳೆಗಳೇಳುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಹುಡುಗರಿಗೆ ಅದೊಂದು ಆಟ. 1776ರಲ್ಲಿ ಇಟಲಿಯ ಅಲೆಸ್ಸಾಂಡ್ರೋ ವೋಲ್ಟನು ಇದೇ ಆಟವನ್ನು ಮಜ್ಜೋರೆ ಸರೋವರದ ಜೌಗು ದಡದಲ್ಲಿ ಆಡಿದನು. ಆದರೆ ಗುಳ್ಳೆಗಳನ್ನು ಹಾಗೆಯೇ ಹೋಗಗೊಡದೆ, ನೀರು ತುಂಬಿ ಬೋರಲು ಹಿಡಿದ ಸೀಸೆಯಲ್ಲಿ ಅವನ್ನು ಕೂಡಿಹಾಕಿದನು. ಬೆಂಕಿ ತೋರಿಸಿದಾಗ ಆ ಅನಿಲವು ನೀಲಿಯ ಜ್ವಾಲೆಯಾಗಿ ಉರಿಯಿತು. ವಿದ್ಯುತ್ತಿನ ‘ವೋಲ್ಟ್’ ಎಂಬ ಮಾನಕ್ಕೆ ಹೆಸರು ಕೊಟ್ಟ ವೋಲ್ಟ ಇವನೇ.

ಅವನ ಜೌಗು ಅನಿಲಕ್ಕೆ ರಸಾಯನಶಾಸ್ತ್ರದಲ್ಲಿ ಮೀಥೇನ್ ಎಂದು ಹೆಸರು. ನಡುವೆ ಇಂಗಾಲದ ಒಂದು ಪರಮಾಣು, ಸುತ್ತ ಜಲಜನಕದ ನಾಲ್ಕು ಪರಮಾಣುಗಳು; ಇಷ್ಟೇ ಅದರ ಸಂಸಾರ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯ ಸಂಪರ್ಕ ತಪ್ಪಿದ ಎಡೆಯಲ್ಲಿ ಸಸ್ಯಗಳ ಅವಶೇಷಗಳೋ ಸಗಣಿಯೋ ಹೊಲಸೋ ಕೊಳೆತಾಗಲೆಲ್ಲ ಸೂಕ್ಷ್ಮಜೀವಿಗಳು ಇದನ್ನು ಹುಟ್ಟಿಸುವುವು. ಕಲ್ಲಿದ್ದಲ ಗಣಿಗಳಲ್ಲಿ ಹೊತ್ತಿಕೊಂಡು ಸಿಡಿಯುತ್ತಿದ್ದುದೂ ಇದೇ ಅನಿಲ. ಅದರ ಹಾವಳಿಯನ್ನು ತಡೆಯಲೆಂದೇ 1815ರಲ್ಲಿ ಹಂಫ್ರಿ ಡೇವಿಯು ತಂತಿಬಲೆಯ ದೀಪವನ್ನು ರಚಿಸಿದನು. ಹಳ್ಳಿಯ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ, ನಗರಗಳಲ್ಲಿ ಕೊಳವೆಯ ಮೂಲಕ ಅಡಿಗೆಮನೆಗೆ ಬರುವುದೂ ಮೀಥೇನೇ. ಸಿಲಿಂಡರಿನ ಗ್ಯಾಸು ಮಾತ್ರ ಬೇರೆ. ಅದು ಪ್ರೊಪೇನ್ ಮತ್ತು ಬ್ಯೂಟೇನುಗಳ ಮಿಶ್ರಣ.

ಇಷ್ಟು ಪರಿಚಿತವಾದ ಅನಿಲದ ವಿಷಯದಲ್ಲಿ ಇಂದು ಜಗತ್ತಿನ ವಿಜ್ಞಾನಿಗಳೂ ಸರ್ಕಾರಗಳೂ ಇಷ್ಟೊಂದು ತಲೆ ಕೆಡಿಸಿಕೊಂಡಿರುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಅದರ ಎರಡು ಗುಣಗಳಲ್ಲಿ ಹುಡುಕಬೇಕು. ಅದು ಶಾಖವನ್ನು ಬಲವಾಗಿ ಹಿಡಿಯುತ್ತದೆ. ಮತ್ತು ಅದು ಬೇಗನೆ ಸಾಯುತ್ತದೆ. ಮೊದಲನೆಯದು ಭಯಕ್ಕೆ ಕಾರಣ, ಎರಡನೆಯದು ಆಸೆಗೆ.

ಶಾಖದ ಮಾತನ್ನು ಮೊದಲು ನೋಡೋಣ. ಬಿಸಿಲಿನಿಂದ ಕಾದ ನೆಲವು ಆ ಕಾವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಮತ್ತೆ ಆಕಾಶಕ್ಕೆ ಬಿಟ್ಟುಕೊಡುವುದು. ವಾಯುಮಂಡಲದ ಬಹುಭಾಗವಾದ ಸಾರಜನಕ, ಆಮ್ಲಜನಕಗಳು ಈ ಕಿರಣಗಳನ್ನು ತಡೆಯಲಾರವು. ಎರಡು ಸಮಾನ ಪರಮಾಣುಗಳ ಅವುಗಳ ಅಣುವಿಗೆ ಆ ಕಿರಣಗಳ ತಾಳಕ್ಕೆ ಕುಣಿಯುವ ಶಕ್ತಿಯಿಲ್ಲ. ಮೀಥೇನಿನ ಐದು ಪರಮಾಣುಗಳ ಅಣುವಾದರೋ ಹಲವು ಬಗೆಯಲ್ಲಿ ಬಾಗಿ ಬಳುಕಬಲ್ಲದು. ಬಳುಕುವಾಗ ಕಿರಣದ ಶಕ್ತಿಯನ್ನು ಹೀರಿಕೊಂಡು, ಅದರಲ್ಲೊಂದು ಪಾಲನ್ನು ನೆಲದ ಕಡೆಗೇ ಹಿಂದಿರುಗಿಸುವುದು. 1859ರಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಲ್ ಉದ್ದನೆಯ ಕೊಳವೆಯೊಂದರಲ್ಲಿ ಬೇರೆ ಬೇರೆ ಅನಿಲಗಳನ್ನು ತುಂಬಿ, ಅವುಗಳ ಮೂಲಕ ಶಾಖಕಿರಣಗಳನ್ನು ಹಾಯಿಸಿ ನೋಡಿದನು. ಒಣ ಗಾಳಿಯಲ್ಲಿ ಅವು ಸರಾಗವಾಗಿ ಹಾದುಹೋದುವು. ಕಲ್ಲಿದ್ದಲಿನಿಂದ ತಯಾರಿಸಿ ಬೀದಿದೀಪಗಳಲ್ಲಿ ಉರಿಸುತ್ತಿದ್ದ ಅನಿಲವನ್ನು ತುಂಬಿದಾಗ ಬಹುಪಾಲು ಒಳಗೇ ಉಳಿದುವು. ಆ ದೀಪದ ಅನಿಲದಲ್ಲಿ ಮೀಥೇನ್ ಹೇರಳವಾಗಿತ್ತು.

ಪ್ರಮಾಣದಲ್ಲಿ ಮೀಥೇನ್ ಅತ್ಯಲ್ಪ. ಗಾಳಿಯ ಹತ್ತು ಲಕ್ಷ ಅಣುಗಳನ್ನು ಎಣಿಸಿದರೆ ಇಂಗಾಲದ ಡೈ ಆಕ್ಸೈಡಿನವು 420ಕ್ಕೂ ಹೆಚ್ಚು ಸಿಗುತ್ತವೆ. ಮೀಥೇನಿನವು ಎರಡು ಸಹ ಇಲ್ಲ. ಆದರೂ 1750ರ ಸುಮಾರಿನಲ್ಲಿ, ಧ್ರುವಪ್ರದೇಶಗಳ ಹಿಮದಲ್ಲಿ ಸೆರೆಸಿಕ್ಕ ಗಾಳಿಯ ಗುಳ್ಳೆಗಳಿಂದ ತಿಳಿದುಬರುವಂತೆ, ನೂರು ಕೋಟಿ ಅಣುಗಳಿಗೆ ಸುಮಾರು 730 ಇದ್ದ ಮೀಥೇನ್ 2019ರ ಹೊತ್ತಿಗೆ 1866ಕ್ಕೆ ಏರಿತ್ತು. ಈಗ 1900ನ್ನು ದಾಟಿದೆ. ಎರಡೂವರೆ ಪಟ್ಟಿಗೂ ಹೆಚ್ಚು! ಇಂಗಾಲದ ಡೈ ಆಕ್ಸೈಡ್ ಅದೇ ಕಾಲದಲ್ಲಿ ಒಂದೂವರೆ ಪಟ್ಟು ಏರಿದೆ.

ಒಂದು ಕಿಲೋಗ್ರಾಂ ಮೀಥೇನನ್ನು ಗಾಳಿಗೆ ಬಿಟ್ಟರೆ ಅದು ಒಂದು ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡಿನ ಎಷ್ಟು ಪಟ್ಟು ಕೆಲಸ ಮಾಡುವುದು? ಪುಸ್ತಕಗಳಲ್ಲಿ ಇದಕ್ಕೆ ಎರಡು ಉತ್ತರಗಳು ಕಾಣುವುವು: ಕೆಲವೆಡೆ ಸುಮಾರು 80, ಕೆಲವೆಡೆ ಸುಮಾರು 28. ವಿದ್ಯಾರ್ಥಿಗಳು ಇದನ್ನು ಕಂಡು ಗಲಿಬಿಲಿಗೊಳ್ಳುವುದುಂಟು. ಎರಡೂ ಸರಿಯೇ, 20 ವರ್ಷಗಳ ಲೆಕ್ಕ ಹಿಡಿದರೆ ಮೊದಲನೆಯದು, 100 ವರ್ಷಗಳ ಲೆಕ್ಕ ಹಿಡಿದರೆ ಎರಡನೆಯದು. ಮೀಥೇನ್ ಸುಮಾರು 12 ವರ್ಷಗಳಲ್ಲಿ ಬಹುಮಟ್ಟಿಗೆ ನಾಶವಾಗುವುದರಿಂದ, ಕಾಲದ ಅವಧಿ ಹಿಗ್ಗಿದಷ್ಟೂ ಅದರ ಸರಾಸರಿ ಪ್ರಭಾವ ತಗ್ಗುವುದು.

ಈ ಅಂಶ ಮನಸ್ಸಿಗೆ ನಾಟಬೇಕಾದರೆ ಎರಡು ಕೆರೆಗಳನ್ನು ಊಹಿಸಿಕೊಳ್ಳಬಹುದು. ಒಂದರ ತೂಬು ಸದಾ ತೆರೆದಿದೆ. ಒಳಗೆ ಬಂದ ನೀರು ಸ್ವಲ್ಪ ಕಾಲ ನಿಂತು ಹರಿದುಹೋಗುತ್ತದೆ. ಇನ್ನೊಂದರ ತೂಬು ಹೂಳು ತುಂಬಿ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಎರಡಕ್ಕೂ ಬರುವ ಕಾಲುವೆಯ ನೀರನ್ನು ಅರ್ಧಕ್ಕೆ ಇಳಿಸಿದೆವೆನ್ನಿ. ಮೊದಲನೆಯ ಕೆರೆಯ ಮಟ್ಟ ಕೆಲವೇ ದಿನಗಳಲ್ಲಿ ಇಳಿಯತೊಡಗುವುದು. ಎರಡನೆಯದರ ಮಟ್ಟ ಇಳಿಯುವುದಿಲ್ಲ. ಮೊದಲಿಗಿಂತ ನಿಧಾನವಾಗಿ ಏರುತ್ತಲೇ ಇರುವುದು. ತೂಬು ತೆರೆದ ಕೆರೆ ಮೀಥೇನಿನದು, ಹೂಳು ತುಂಬಿದ್ದು ಇಂಗಾಲದ ಡೈ ಆಕ್ಸೈಡಿನದು. ಇಂದು ಕಾಲೇಜಿನಲ್ಲಿ ಓದುತ್ತಿರುವವರು ನಡುವಯಸ್ಸಿಗೆ ಬರುವ ಮುನ್ನವೇ ಫಲ ಕಾಣಬಹುದಾದ ಕೆಲಸ ಇದ್ದರೆ ಅದು ಮೊದಲನೆಯ ಕೆರೆಯಲ್ಲಿದೆ.

ಮೀಥೇನಿನ ತೂಬು ಯಾವುದು? ಗಾಳಿಯಲ್ಲಿ ಅದನ್ನು ಕೊಲ್ಲುವವರು ಯಾರು? ಬಹುಕಾಲ ಇದು ತಿಳಿದಿರಲಿಲ್ಲ. 1971ರಲ್ಲಿ ಹೈರಮ್ ಲೆವಿ ಎಂಬ ವಿಜ್ಞಾನಿಯು ನೆಲಕ್ಕೆ ಹತ್ತಿರದ ವಾಯುವಿನಲ್ಲಿಯೂ ಹೈಡ್ರಾಕ್ಸಿಲ್ ಎಂಬ ಕಣವು ಇರಲೇಬೇಕೆಂದು ತೋರಿಸಿಕೊಟ್ಟನು. ನೀರಿನ ಅಣುವಿನಿಂದ ಒಂದು ಜಲಜನಕವನ್ನು ಕಿತ್ತರೆ ಉಳಿಯುವುದು ಹೈಡ್ರಾಕ್ಸಿಲ್. ಬಿಸಿಲು ಓಜೋನನ್ನು ಒಡೆದಾಗ ಹೊರಬೀಳುವ ಆಮ್ಲಜನಕದ ಪರಮಾಣು ನೀರಾವಿಯೊಡನೆ ಸೇರಿ ಇದನ್ನು ಹುಟ್ಟಿಸುವುದು. ಹುಟ್ಟಿದ ಕೂಡಲೆ ಕಳೆದುಹೋದ ಜಲಜನಕಕ್ಕಾಗಿ ಅದು ಹಸಿದ ತೋಳನಂತೆ ಹುಡುಕಾಡುವುದು. ಎದುರಿಗೆ ಬಂದ ಮೊದಲ ಅಣುವಿನಿಂದ ಅದನ್ನು ಕಿತ್ತುಕೊಳ್ಳುವುದು. ಅದರ ಆಯುಸ್ಸು ಒಂದು ಸೆಕೆಂಡಿನಷ್ಟು ಮಾತ್ರ. ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ 25ರ ಮುಂದೆ 18 ಸೊನ್ನೆಗಳನ್ನಿಟ್ಟಷ್ಟು ಅಣುಗಳಿರುವಲ್ಲಿ ಹೈಡ್ರಾಕ್ಸಿಲುಗಳು ಸರಾಸರಿ ಹತ್ತು ಲಕ್ಷದಷ್ಟು ಮಾತ್ರ ಇರುವುವು. ಇಷ್ಟು ಸ್ವಲ್ಪ ಸಂಖ್ಯೆಯ ಕ್ಷಣಜೀವಿಗಳು ಇಡೀ ಭೂಮಂಡಲದ ಗಾಳಿಯನ್ನು ತೊಳೆಯುತ್ತಿವೆಯೆಂಬುದು ಪ್ರಕೃತಿಯ ವಿಸ್ಮಯಗಳಲ್ಲೊಂದು.

ಆದರೆ ತೊಳೆದ ನೀರು ಎಲ್ಲಿಗೆ ಹೋಗಬೇಕು? ಮೀಥೇನಿನ ಅಂತ್ಯದಲ್ಲಿಯೇ ಇನ್ನೊಂದು ಕೇಡಿನ ಹುಟ್ಟು ಅಡಗಿದೆ. ಅದನ್ನು ತಿಳಿಯಲು ನಾವು ಸ್ವಲ್ಪ ಹಿಂದಕ್ಕೆ, ಲಾಸ್ ಏಂಜಲೀಸ್ ನಗರಕ್ಕೆ ಹೋಗಬೇಕು.

1940ರ ದಶಕದಲ್ಲಿ ಆ ನಗರವನ್ನು ಕಣ್ಣುರಿಸುವ ಕಂದು ಹೊಗೆಮಂಜು ಕವಿಯತೊಡಗಿತು. ಲಂಡನ್ನಿನ ಹೊಗೆಯಂತೆ ಇದೂ ಗಂಧಕದ ಕೆಲಸವೆಂದು ಜನ ತಿಳಿದಿದ್ದರು. ಕ್ಯಾಲಿಫೋರ್ನಿಯ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಆರಿ ಹಾಗೆನ್-ಸ್ಮಿತ್ ಎಂಬ ಜೀವರಸಾಯನ ವಿಜ್ಞಾನಿ ಇದ್ದನು. ಅನಾನಸ್ ಹಣ್ಣಿನ ಪರಿಮಳಕ್ಕೆ ಯಾವ ಯಾವ ದ್ರವ್ಯಗಳು ಕಾರಣವೆಂಬುದು ಅವನ ಸಂಶೋಧನೆಯ ವಿಷಯ. ಹಣ್ಣಿನ ಗಂಧವನ್ನು ತಣ್ಣನೆಯ ಬಲೆಯಲ್ಲಿ ಹಿಡಿದಿಡುವ ಉಪಕರಣ ಅವನಲ್ಲಿದ್ದಿತು. ಅದೇ ಉಪಕರಣದ ಮೂಲಕ ಅವನು ಕಿಟಕಿಯಾಚೆಯ ಗಾಳಿಯನ್ನು ಎಳೆದನು. ಕಂದುಬಣ್ಣದ, ದುರ್ವಾಸನೆಯ ಕೆಲವು ಹನಿಗಳು ಸಿಕ್ಕಿದುವು. ಅಲ್ಲಿಂದ ಮೊದಲಾದ ಅವನ ಶೋಧನೆ, ಮೋಟಾರುಗಳ ಮತ್ತು ಎಣ್ಣೆ ಕಾರ್ಖಾನೆಗಳ ಹೈಡ್ರೋಕಾರ್ಬನ್ನುಗಳು ಸಾರಜನಕದ ಆಕ್ಸೈಡುಗಳೊಡನೆ ಬಿಸಿಲಿನಲ್ಲಿ ಬೆರೆತು ಓಜೋನನ್ನು ಉತ್ಪತ್ತಿ ಮಾಡುವುವೆಂದು 1952ರಲ್ಲಿ ಸಾರಿತು. ಆ ದಿನಗಳಲ್ಲಿ ಓಜೋನ್ ಎಷ್ಟಿದೆಯೆಂದು ಅಳೆಯಲು ಅವನು ಬಗ್ಗಿಸಿದ ರಬ್ಬರಿನ ತುಂಡನ್ನು ಗಾಳಿಗೊಡ್ಡಿ, ಅದು ಎಷ್ಟು ಬೇಗ ಬಿರುಕು ಬಿಡುವುದೆಂದು ನೋಡುತ್ತಿದ್ದನಂತೆ. ದುಬಾರಿ ಯಂತ್ರಗಳಿಲ್ಲವೆಂದು ಗೊಣಗುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.

ಮೀಥೇನೂ ಒಂದು ಹೈಡ್ರೋಕಾರ್ಬನ್. ಹೈಡ್ರಾಕ್ಸಿಲಿನ ಹೊಡೆತಕ್ಕೆ ಸಿಕ್ಕಿ ಅದು ಮುರಿದುಬೀಳುವಾಗ, ಸುತ್ತ ಸಾರಜನಕದ ಆಕ್ಸೈಡುಗಳಿದ್ದರೆ, ಅಲ್ಲಿಯೂ ಓಜೋನ್ ಹುಟ್ಟುವುದೆಂದು 1973ರಲ್ಲಿ ಪೌಲ್ ಕ್ರುಟ್ಸನ್ ತೋರಿಸಿದನು. ಓಜೋನಿನ ಕುರಿತ ಸಂಶೋಧನೆಗಳಿಗಾಗಿ ಅವನಿಗೆ 1995ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಪೆಟ್ರೋಲಿನ ಆವಿ ಕೆಲವು ಗಂಟೆಗಳಲ್ಲಿಯೇ ವರ್ತಿಸಿ ತನ್ನ ಊರಿನ ಮೇಲೆಯೇ ಓಜೋನನ್ನು ಸುರಿಯುವುದು. ಮೀಥೇನ್ ನಿಧಾನಿ, ಹತ್ತು ಹನ್ನೆರಡು ವರ್ಷಗಳಲ್ಲಿ ಗಾಳಿಯೊಡನೆ ಭೂಮಿಯನ್ನು ಎಷ್ಟೋ ಸಲ ಸುತ್ತಿ, ಎಲ್ಲೆಡೆಯೂ ಓಜೋನಿನ ತಳಮಟ್ಟವನ್ನೇ ಏರಿಸುವುದು. ಇದರಿಂದ ಒಂದು ವಿಚಿತ್ರ ಫಲ ಉಂಟು. ಯಾವುದೋ ದೇಶದ ಎಣ್ಣೆಬಾವಿಯ ಸೋರಿಕೆಯನ್ನು ನಿಲ್ಲಿಸಿದರೆ ಪಂಜಾಬಿನ ಗೋಧಿಯ ಹೊಲದ ಮೇಲಿನ ಗಾಳಿಯೂ ಒಂದಿಷ್ಟು ಶುದ್ಧವಾಗುವುದು.

ಓಜೋನ್ ಎಂದೊಡನೆ ನಮ್ಮನ್ನು ಕಾಯುವ ಆಕಾಶದ ಕೊಡೆಯೇ ಮನಸ್ಸಿಗೆ ಬರುವುದು ಸಹಜ. ಮೇಲೆ 20-25 ಕಿಲೋಮೀಟರ್ ಎತ್ತರದಲ್ಲಿ ಅದು ರಕ್ಷಕವೇ ಸರಿ. ಉಸಿರಾಡುವ ಮಟ್ಟದಲ್ಲಿ ಅದು ವಿಷ. ಶ್ವಾಸನಾಳಗಳ ಒಳಪೊರೆಯನ್ನು ಕೆರಳಿಸಿ ಉಬ್ಬಸದವರನ್ನು ಕಂಗೆಡಿಸುವುದು. ಎಲೆಗಳ ಪತ್ರರಂಧ್ರಗಳ ಮೂಲಕ ಒಳಹೊಕ್ಕು ಜೀವಕೋಶಗಳನ್ನು ಕೆಡಿಸಿ, ಕಣ್ಣಿಗೆ ರೋಗವೇನೂ ಕಾಣದಂತೆಯೇ ಕಾಳಿನ ತೂಕವನ್ನು ಇಳಿಸುವುದು. ಪುಣೆಯ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ಸಂಶೋಧಕರು ಮುಂದಾಗಿ 2014ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 2005ರ ಒಂದೇ ವರ್ಷದಲ್ಲಿ ಓಜೋನಿನಿಂದ ನಮ್ಮ ದೇಶ ಕಳೆದುಕೊಂಡದ್ದು ಸುಮಾರು 35 ಲಕ್ಷ ಟನ್ ಗೋಧಿ, ಸುಮಾರು 21 ಲಕ್ಷ ಟನ್ ಅಕ್ಕಿ. ಬರಗಾಲ ಬಂದು ಇಷ್ಟು ಹಾಳಾಗಿದ್ದರೆ ಪತ್ರಿಕೆಗಳಲ್ಲಿ ದೊಡ್ಡಕ್ಷರದ ಸುದ್ದಿಯಾಗುತ್ತಿದ್ದಿತು.

ಹೀಗೆ ಹವಾಮಾನದ ಪ್ರಶ್ನೆಯೂ ಶುದ್ಧವಾಯುವಿನ ಪ್ರಶ್ನೆಯೂ ಮೀಥೇನಿನಲ್ಲಿ ಒಂದೇ ಗಂಟಾಗಿ ಕಟ್ಟಿಕೊಂಡಿವೆ. 2021ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೂ ಅದರ ಸಹಯೋಗಿಗಳೂ ಹೊರತಂದ ವರದಿ ಈ ಗಂಟಿನ ಬೆಲೆಯನ್ನು ಎಣಿಸಿ ತೋರಿಸಿತು. ಮಾನವರ ಕೆಲಸಗಳಿಂದ ಹೊರಬರುವ ಮೀಥೇನನ್ನು 2030ರೊಳಗೆ ನೂರಕ್ಕೆ 45ರಷ್ಟು ಇಳಿಸಿದರೆ 2040ರ ದಶಕದ ಹೊತ್ತಿಗೆ ಸುಮಾರು 0.3 ಡಿಗ್ರಿ ಸೆಲ್ಸಿಯಸ್ ತಾಪವೃದ್ಧಿ ತಪ್ಪುವುದು. ಅದರೊಂದಿಗೆ ಪ್ರತಿ ವರ್ಷ 2 ಲಕ್ಷ 55 ಸಾವಿರ ಅಕಾಲ ಮರಣಗಳೂ, 2 ಕೋಟಿ 60 ಲಕ್ಷ ಟನ್ ಬೆಳೆನಷ್ಟವೂ ತಪ್ಪುವುವು.

ಮೀಥೇನಿನ ಅಲ್ಪಾಯುಷಿ ಬಂಧುಗಳು ಇನ್ನೂ ಕೆಲವರಿದ್ದಾರೆ. ಓಜೋನ್ ಕೂಡ ಶಾಖ ಹಿಡಿಯುವ ಅನಿಲವೇ. ಕೆಲವು ವಾರಗಳಷ್ಟು ಬಾಳುವುದು. ಡೀಸೆಲ್ ಎಂಜಿನ್ನು, ಇಟ್ಟಿಗೆಯ ಗೂಡು, ಸೌದೆಯ ಒಲೆ ಇವುಗಳ ಮಸಿ ಕೆಲವು ದಿನಗಳಿಂದ ಒಂದೆರಡು ವಾರಗಳವರೆಗೆ ಗಾಳಿಯಲ್ಲಿ ತೇಲಿ, ಕಪ್ಪುಬಣ್ಣದ ವಸ್ತುವಾದುದರಿಂದ ಬಿಸಿಲನ್ನೇ ನೇರವಾಗಿ ಹೀರುವುದು; ಹಿಮಾಲಯದ ಹಿಮದ ಮೇಲೆ ಬಿದ್ದರೆ ಅದನ್ನು ಕರಗಿಸುವುದು. ಆ ಮಸಿಯ ಮೊದಲ ಪಾಲು ಸೇರುವುದು ಮಾತ್ರ ಒಲೆಯ ಮುಂದೆ ಕುಳಿತವಳ ಎದೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ರೂಪಿಸಿದ ‘ಅಸ್ತ್ರ ಒಲೆ’ಯನ್ನು ನಮ್ಮ ಹಳ್ಳಿಗಳ ಅಡಿಗೆಮನೆಗಳಲ್ಲಿ ಹಿರಿಯರು ನೆನೆಯುತ್ತಾರೆ. ಹವಾಮಾನದ ಮಾತು ಇನ್ನೂ ಜನರ ಬಾಯಿಗೆ ಬರದಿದ್ದ ಆ ಕಾಲದಲ್ಲಿ, ಸೌದೆಯ ಉಳಿತಾಯಕ್ಕೂ ಹೊಗೆಯಿಂದ ಬಿಡುಗಡೆಗೂ ಆ ಕೆಲಸ ನಡೆಯಿತು.

ಇದೇ ವಿಜ್ಞಾನ ಮಂದಿರದ ಇನ್ನೊಬ್ಬ ವಿದ್ಯಾರ್ಥಿಯ ಮಾತನ್ನು ಇಲ್ಲಿ ಹೇಳಬೇಕು. ವೀರಭದ್ರನ್ ರಾಮನಾಥನ್ ಅವರು ಎಂಜಿನಿಯರಿಂಗ್ ಪದವಿ ಪಡೆದು, ಸಿಕಂದರಾಬಾದಿನ ಕಾರ್ಖಾನೆಯೊಂದರಲ್ಲಿ ಶೀತಕಯಂತ್ರಗಳಿಂದ ಅನಿಲವು ಸೋರಿಹೋಗುವುದೇಕೆಂದು ಹುಡುಕುವ ಕೆಲಸ ಮಾಡಿದವರು. ಬೇಸರದ ಕೆಲಸವೆಂದೇ ಅವರಿಗೆ ಆಗ ತೋರಿತ್ತು. ಅನಂತರ ಬೆಂಗಳೂರಿನಲ್ಲಿ ಓದಿ ಅಮೆರಿಕಕ್ಕೆ ಹೋದ ಅವರು 1975ರಲ್ಲಿ, ಆ ಶೀತಕಾನಿಲದ ಒಂದು ಅಣು ಇಂಗಾಲದ ಡೈ ಆಕ್ಸೈಡಿನ ಹತ್ತು ಸಾವಿರದಷ್ಟು ಅಣುಗಳ ಶಾಖವನ್ನು ಹಿಡಿಯಬಲ್ಲುದೆಂದು ತೋರಿಸಿ ಜಗತ್ತನ್ನು ಬೆರಗುಗೊಳಿಸಿದರು. ಭೂಮಿಯನ್ನು ಬಿಸಿಮಾಡುವುದು ಇಂಗಾಲದ ಡೈ ಆಕ್ಸೈಡ್ ಒಂದೇ ಅಲ್ಲವೆಂಬ ಅರಿವು ಬೇರೂರಲು ಈ ಶೋಧನೆ ಬಹಳ ಮಟ್ಟಿಗೆ ಕಾರಣವಾಯಿತು. ಓಜೋನ್ ಕೊಡೆಯನ್ನು ಹರಿಯುತ್ತಿದ್ದ ಆ ಹಳೆಯ ಶೀತಕಗಳ ಜಾಗಕ್ಕೆ ಬಂದ ಹೈಡ್ರೋಫ್ಲೋರೋಕಾರ್ಬನ್ನುಗಳು ಕೊಡೆಗೇನೋ ನಿರಪಾಯ; ಶಾಖ ಹಿಡಿಯುವುದರಲ್ಲಿ ಮಾತ್ರ ಸಾಮಾನ್ಯವಲ್ಲ. ಅವನ್ನು ಹಂತಹಂತವಾಗಿ ತಗ್ಗಿಸಲು 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡುವು; ಭಾರತ 2021ರಲ್ಲಿ ಅದನ್ನು ಅಂಗೀಕರಿಸಿತು.

1999ರಲ್ಲಿ ರಾಮನಾಥನ್ ಮತ್ತು ಮೇಲೆ ಹೇಳಿದ ಕ್ರುಟ್ಸನ್ ಇವರ ಮುಂದಾಳುತನದಲ್ಲಿ ಹಿಂದೂ ಮಹಾಸಾಗರದ ಮೇಲೆ ದೊಡ್ಡ ಅನ್ವೇಷಣೆಯೊಂದು ನಡೆಯಿತು. ವಿಮಾನ, ಹಡಗು, ಮಾಲ್ಡೀವ್ಸ್ ದ್ವೀಪದ ವೀಕ್ಷಣಾಲಯ ಎಲ್ಲವೂ ಸೇರಿ ಕಂಡದ್ದು, ಸುಮಾರು 3 ಕಿಲೋಮೀಟರ್ ದಪ್ಪದ ಕಂದು ಮೋಡ. ಮಸಿ, ಗಂಧಕದ ಲವಣಗಳು, ಧೂಳು ಇವುಗಳ ಮಿಶ್ರಣ. ಅದರಲ್ಲಿ ಮಸಿ ಕಾಯಿಸುವುದು, ಗಂಧಕದ ಕಣಗಳು ಬಿಸಿಲನ್ನು ಹಿಂದಕ್ಕೆ ಚೆಲ್ಲಿ ತಂಪು ಮಾಡುವುವು. ಇಲ್ಲಿಯೇ ನಮ್ಮ ವಿಷಯದ ಅತ್ಯಂತ ಸೂಕ್ಷ್ಮವಾದ ತೊಡಕು ಎದುರಾಗುವುದು. ಅಂತರ ಸರ್ಕಾರಿ ಹವಾಮಾನ ಸಮಿತಿಯ 2021ರ ವರದಿಯಂತೆ, 2010ರಿಂದ 2019ರ ದಶಕದಲ್ಲಿ ಭೂಮಿಯು 19ನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.1 ಡಿಗ್ರಿ ಬಿಸಿಯಾಗಿತ್ತು. ಅದರ ಜಮಾಖರ್ಚನ್ನು ಬಿಡಿಸಿ ನೋಡಿದರೆ, ಇಂಗಾಲದ ಡೈ ಆಕ್ಸೈಡ್ ಸುಮಾರು 0.8, ಮೀಥೇನ್ ಸುಮಾರು 0.5 ಡಿಗ್ರಿ ಕೂಡಿಸಿದ್ದರೆ, ಗಂಧಕದ ಹೊಗೆಯು ಸುಮಾರು 0.5 ಡಿಗ್ರಿ ಕಳೆದಿದ್ದಿತು. ಅರ್ಥಾತ್, ನಮ್ಮ ಒಂದು ಕೊಳೆ ಇನ್ನೊಂದು ಕೊಳೆಯ ಕಾವನ್ನು ಮುಚ್ಚಿಟ್ಟಿದೆ.

ಹಾಗೆಂದು ಗಂಧಕದ ಹೊಗೆಯನ್ನು ಉಳಿಸಿಕೊಳ್ಳಲಾಗುವುದೇ? ಅದು ಜನರನ್ನು ಕೊಲ್ಲುತ್ತಿದೆ. ಅದನ್ನು ತೊಲಗಿಸಲೇಬೇಕು, ತೊಲಗಿಸುತ್ತಲೂ ಇದ್ದಾರೆ. ಹಡಗುಗಳ ಎಣ್ಣೆಯಲ್ಲಿ ಗಂಧಕದ ಮಿತಿಯನ್ನು 2020ರ ಜನವರಿ 1ರಿಂದ ನೂರಕ್ಕೆ ಮೂರೂವರೆಯಿಂದ ಅರ್ಧಕ್ಕೆ ಇಳಿಸಿದರು. ಮುಸುಕು ಸರಿದಂತೆಲ್ಲ ಮುಚ್ಚಿದ್ದ ಕಾವು ಹೊರಬೀಳುವುದು. ಆ ಕಾವಿನ ಜಾಗವನ್ನು ಅದೇ ಕೆಲವು ದಶಕಗಳಲ್ಲಿ ತುಂಬಿಕೊಡಬಲ್ಲ ಉಪಾಯ ಮೀಥೇನಿನ ಇಳಿಕೆ. ಇಷ್ಟು ಬೇಗ ಕೆಲಸ ಮಾಡಬಲ್ಲ ಬೇರೆ ಅನಿಲವಿಲ್ಲ. ಮೀಥೇನಿನ ಮಾತಿಗೆ ಈಗ ಬಂದಿರುವ ಅವಸರಕ್ಕೆ ನಮ್ಮ ಎಣಿಕೆಯಲ್ಲಿ ಇದೇ ಮುಖ್ಯ ಕಾರಣ. ಇದರಿಂದ ಕಲ್ಲಿದ್ದಲನ್ನೂ ಪೆಟ್ರೋಲನ್ನೂ ಸುಡುತ್ತಲೇ ಇರಬಹುದೆಂದು ಯಾರಾದರೂ ವಾದಿಸಿದರೆ ಅವರು ಎರಡನೆಯ ಕೆರೆಯನ್ನು ಮರೆತಿದ್ದಾರೆಂದೇ ಹೇಳಬೇಕು. ಅದರಲ್ಲಿ ಇಂದು ಸೇರಿದ ನೀರಿನ ಒಂದು ಪಾಲು ಸಾವಿರಾರು ವರ್ಷ ನಿಲ್ಲುವುದು.

ಇನ್ನು, ಮಾನವಕೃತ ಮೀಥೇನ್ ಹೊರಡುವುದೆಲ್ಲಿಂದ? ನೂರರಲ್ಲಿ ಸುಮಾರು 40 ಪಾಲು ಬೇಸಾಯ ಮತ್ತು ಪಶುಪಾಲನೆಯಿಂದ, 35 ಪಾಲು ಎಣ್ಣೆ, ಅನಿಲ, ಕಲ್ಲಿದ್ದಲುಗಳಿಂದ, 20 ಪಾಲು ಕಸ ಮತ್ತು ಚರಂಡಿಯಿಂದ. ಎಣ್ಣೆ ಮತ್ತು ಅನಿಲದ ಪಾಲು ಕಡಮೆ ಮಾಡುವುದಕ್ಕೆ ಎಲ್ಲಕ್ಕಿಂತ ಸುಲಭ, ಏಕೆಂದರೆ ಸೋರುವುದು ಮಾರಾಟದ ಸರಕು. ಹೀಗಿದ್ದರೂ ಸೋರಿಕೆ ನಿಂತಿಲ್ಲ. ಕಾಣದ ಅನಿಲವನ್ನು ಯಾರೂ ಹುಡುಕಹೋಗುವುದಿಲ್ಲ. 2015ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಆಲಿಸೋ ಕಣಿವೆಯ ನೆಲದಡಿಯ ಅನಿಲ ಸಂಗ್ರಹದ ಒಂದು ಬಾವಿ ಬಿರಿದು, 2016ರ ಫೆಬ್ರವರಿಯಲ್ಲಿ ಮುಚ್ಚುವವರೆಗೆ ಸುಮಾರು 97 ಸಾವಿರ ಟನ್ ಮೀಥೇನನ್ನು ಕಾರಿತು. ಬರಿಗಣ್ಣಿಗೆ ಬೆಟ್ಟದ ಮೇಲೆ ಏನೂ ಕಾಣುತ್ತಿರಲಿಲ್ಲ. ಅವಕೆಂಪು ಕ್ಯಾಮರಾ ಹಿಡಿದಾಗ ಜ್ವಾಲಾಮುಖಿಯ ಹೊಗೆಯಂಥ ಮೋಡ ಕಾಣಿಸಿತು. 2017ರಲ್ಲಿ ಹಾರಿಸಿದ ಯೂರೋಪಿನ ಸೆಂಟಿನೆಲ್-5ಪಿ ಮೊದಲಾದ ಕೃತಕ ಉಪಗ್ರಹಗಳು ಇಂಥ ದೊಡ್ಡ ಸೋರಿಕೆಗಳನ್ನು ಆಕಾಶದಿಂದಲೇ ಪತ್ತೆಹಚ್ಚುತ್ತಿವೆ.

ಕಸದ ವಿಷಯ ನಮ್ಮ ಮನೆಬಾಗಿಲಿನದು. ಹಸಿ ಕಸ, ಒಣ ಕಸ ಒಟ್ಟಾಗಿ ಗುಡ್ಡೆ ಬಿದ್ದು ಮೇಲೆ ಮಣ್ಣು ಮುಚ್ಚಿದರೆ ಒಳಗೆ ಗಾಳಿಯಾಡದೆ ವೋಲ್ಟನ ಜೌಗಿನಂತೆಯೇ ಆಗುವುದು. ಹೊರಬರುವ ಅನಿಲದಲ್ಲಿ ಸುಮಾರು ಅರ್ಧ ಮೀಥೇನ್. ಅದೇ ಹಸಿ ಕಸವನ್ನು ಬೇರ್ಪಡಿಸಿ ಗಾಳಿಯಾಡುವಂತೆ ಗೊಬ್ಬರ ಮಾಡಿದರೆ ಮೀಥೇನ್ ಹುಟ್ಟುವುದು ಬಹಳ ಕಡಮೆ. ಮುಚ್ಚಿದ ತೊಟ್ಟಿಯಲ್ಲಿ ಕೊಳೆಯಿಸಿದರೆ ಉರುವಲು ದೊರೆಯುವುದು. ಬೆಂಗಳೂರಿನಲ್ಲಿ ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂಬ ನಿಯಮ ಬಂದದ್ದು 2012ರಲ್ಲಿ, ಕಸ ಸುರಿಯುವ ಜಾಗಗಳ ಸುತ್ತಲಿನ ಹಳ್ಳಿಯವರು ಸಿಟ್ಟಿಗೆದ್ದ ಮೇಲೆ.

ದನಗಳ ಕಡೆಗೆ ಬರೋಣ. ಹಸುವಿನ ಮೊದಲ ಹೊಟ್ಟೆ ಹುಲ್ಲನ್ನು ಹುದುಗಿಸುವ ದೊಡ್ಡ ತೊಟ್ಟಿ. ನಾವು ಅರಗಿಸಲಾರದ ನಾರನ್ನು ಅಲ್ಲಿನ ಸೂಕ್ಷ್ಮಜೀವಿಗಳು ಒಡೆಯುವುವು; ಆಗ ಉಳಿಯುವ ಜಲಜನಕವನ್ನು ಇನ್ನೊಂದು ಬಗೆಯ ಜೀವಿಗಳು ಇಂಗಾಲದ ಡೈ ಆಕ್ಸೈಡಿನೊಡನೆ ಕೂಡಿಸಿ ಮೀಥೇನ್ ಮಾಡುವುವು. ಹಸು ಮೆಲುಕು ಹಾಕುವಾಗ ಅದನ್ನು ಬಾಯಿಯಿಂದ ತೇಗಿ ಹೊರಬಿಡುವುದು. ಹಿಂಭಾಗದಿಂದ ಹೊರಡುವುದೆಂಬ ಹಾಸ್ಯ ಬಹುಮಟ್ಟಿಗೆ ತಪ್ಪು. ಮೇವಿನ ಶಕ್ತಿಯಲ್ಲಿ ನೂರಕ್ಕೆ 2ರಿಂದ 12ರಷ್ಟು ಹೀಗೆ ಗಾಳಿಪಾಲಾಗುವುದು. ರೈತನ ದೃಷ್ಟಿಯಿಂದ ಇದು ಹಾಲಾಗಬೇಕಿದ್ದ ಮೇವು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು, ಒಗರಿನ ಅಂಶವಾದ ಟ್ಯಾನಿನ್ ಹೇರಳವಾಗಿರುವ ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಪೂರಕ ಆಹಾರವನ್ನು ತಯಾರಿಸಿದ್ದಾರೆ. ಅದು ಮೀಥೇನನ್ನು ನೂರಕ್ಕೆ 17ರಿಂದ 20ರಷ್ಟು ಇಳಿಸುವುದೆಂದು ಅವರ ಪ್ರಯೋಗಗಳು ಹೇಳುತ್ತವೆ. 2019ರ ಗಣತಿಯಂತೆ ದನ ಎಮ್ಮೆಗಳೆಲ್ಲ ಸೇರಿ 30 ಕೋಟಿಗೂ ಮೇಲಿರುವ ದೇಶದಲ್ಲಿ, ಅವುಗಳಲ್ಲಿ ಬಹುಪಾಲು ಒಂದೆರಡು ದನ ಕಟ್ಟಿದ ಮನೆಗಳಲ್ಲಿರುವಾಗ, ಆ ಹಿಟ್ಟು ಕೊಟ್ಟಿಗೆಯವರೆಗೆ ತಲಪುವುದೇ ಕಠಿನವಾದ ಭಾಗ.

ಭತ್ತದ ಗದ್ದೆಯ ಕಥೆಯಲ್ಲಿ ವಿಜ್ಞಾನದೊಡನೆ ನ್ಯಾಯದ ಪ್ರಶ್ನೆಯೂ ಬೆರೆತಿದೆ. ನಿಂತ ನೀರಿನಡಿಯ ಕೆಸರಿನಲ್ಲಿ ಹುಟ್ಟಿದ ಮೀಥೇನ್ ಭತ್ತದ ಕಾಂಡದೊಳಗಿನ ಪೊಳ್ಳುನಾಳಗಳ ಮೂಲಕವೇ ಚಿಮಣಿಯಲ್ಲಿ ಹೊಗೆ ಏರುವಂತೆ ಹೊರಬರುವುದು. 1990ರ ಸುಮಾರಿನಲ್ಲಿ ಅಮೆರಿಕದ ಸರ್ಕಾರಿ ಅಂದಾಜೊಂದು, ಭಾರತದ ಗದ್ದೆಗಳಿಂದ ವರ್ಷಕ್ಕೆ 3 ಕೋಟಿ 70 ಲಕ್ಷ ಟನ್ನಿಗೂ ಹೆಚ್ಚು ಮೀಥೇನ್ ಹೊರಡುವುದೆಂದು ಹೇಳಿತು. ನಮ್ಮ ಗದ್ದೆಗಳಲ್ಲಿ ಅಳೆದು ಹೇಳಿದ ಸಂಖ್ಯೆಯಲ್ಲ ಅದು. ಬೇರೆ ಕಡೆಯ ಅಳತೆಗಳನ್ನು ನಮ್ಮ ಎಕರೆಗಳಿಂದ ಗುಣಿಸಿದ್ದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಅವರ ಮುಂದಾಳುತನದಲ್ಲಿ 1991ರಲ್ಲಿ ದೇಶದ ಅನೇಕ ಕಡೆ ಗದ್ದೆಗಿಳಿದ ಸಂಶೋಧಕರು ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆಗಳನ್ನು ಕವುಚಿ, ಒಳಗಿನ ಗಾಳಿಯನ್ನು ಆಗಾಗ ಪಿಚಕಾರಿಯಿಂದ ತೆಗೆದು ಅಳೆದರು. ಬಂದ ಉತ್ತರ ವರ್ಷಕ್ಕೆ ಸುಮಾರು 40 ಲಕ್ಷ ಟನ್! ಒಂಬತ್ತರಲ್ಲಿ ಒಂದು ಪಾಲು. ನಮ್ಮ ಭತ್ತದ ದೊಡ್ಡದೊಂದು ಪಾಲು ಮಳೆಯಾಶ್ರಿತ. ಗದ್ದೆ ಆಗಾಗ ಒಣಗುವುದರಿಂದ ಮೀಥೇನ್ ಜೀವಿಗಳಿಗೆ ನೆಮ್ಮದಿಯಿಲ್ಲ. ಅದೇ 1991ರಲ್ಲಿ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್, ಹೊಟ್ಟೆಪಾಡಿನ ಬೇಸಾಯದ ಮೀಥೇನನ್ನು ಸಿರಿವಂತರ ಮೋಟಾರಿನ ಹೊಗೆಯೊಡನೆ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯವೆಂದು ವಾದಿಸಿದರು. 2021ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದಲ್ಲಿ, 2030ರೊಳಗೆ ಜಗತ್ತಿನ ಮೀಥೇನನ್ನು 2020ರ ಮಟ್ಟಕ್ಕಿಂತ ನೂರಕ್ಕೆ 30ರಷ್ಟು ಇಳಿಸುವ ಪ್ರತಿಜ್ಞೆಯನ್ನು ಅನೇಕ ರಾಷ್ಟ್ರಗಳು ಮಾಡಿದಾಗ ಭಾರತ ಹೊರಗುಳಿದದ್ದಕ್ಕೂ ಸಣ್ಣ ರೈತರ ಜೀವನೋಪಾಯವೇ ಕಾರಣವಾಗಿ ಕೇಳಿಬಂದಿತು. ಆ ವಾದದಲ್ಲಿ ಹುರುಳಿದೆಯೆಂದೇ ನಾವು ತಿಳಿಯುತ್ತೇವೆ. ಆದರೆ ಓಜೋನಿನಿಂದ ಕಾಳು ಕಳೆದುಕೊಳ್ಳುತ್ತಿರುವವನೂ ಅದೇ ರೈತನೆಂಬುದನ್ನು ಅದರೊಡನೆಯೇ ತೂಗಿ ನೋಡಬೇಕಾಗಿದೆ.

ಸದಾ ನೀರು ಕಟ್ಟುವ ಗದ್ದೆಗಳಿಗೆ ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಹರಡಿದ ಉಪಾಯವೊಂದಿದೆ. ತೂತುಗಳನ್ನು ಕೊರೆದ ಮೊಳದುದ್ದದ ಕೊಳವೆಯೊಂದನ್ನು ಗದ್ದೆಯಲ್ಲಿ ಹೂಳುವರು. ಕಟ್ಟಿದ ನೀರು ಇಂಗಿ, ಕೊಳವೆಯೊಳಗೆ ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿಳಿದಾಗ ಮಾತ್ರ ಮತ್ತೆ ನೀರು ಬಿಡುವರು. ಹೂಬಿಡುವ ಕಾಲದಲ್ಲಿ ಮಾತ್ರ ನೀರು ತಪ್ಪಬಾರದು. ನಡುನಡುವೆ ಮಣ್ಣಿಗೆ ಗಾಳಿ ತಾಕುವುದರಿಂದ ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದು. ಒಣಗಿದಾಗ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲ ಸ್ವಲ್ಪ ಏರುವುದುಂಟಾದರೂ ಸಾಮಾನ್ಯವಾಗಿ ಒಟ್ಟು ಲೆಕ್ಕ ಲಾಭದ್ದೇ. ಇಳುವರಿ ತಗ್ಗದೆ ನೀರೂ ಉಳಿಯುವುದು. ಇಷ್ಟು ಅಗ್ಗದ ಉಪಾಯ ಎಲ್ಲೆಡೆ ಏಕೆ ಹರಡಲಿಲ್ಲ? ನಾಲೆಯ ಕೊನೆಯಲ್ಲಿರುವ ರೈತನಿಗೆ ನೀರು ತನಗೆ ಬೇಕಾದ ದಿನ ಬರುವುದಿಲ್ಲ, ಬಿಟ್ಟ ದಿನ ಬರುವುದು. ಬಂದಾಗ ತುಂಬಿಸಿಕೊಳ್ಳದೆ ಅವನು ಇರಲಾರ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ 2008ರಿಂದ ವಿದ್ಯುತ್ತು ಉಚಿತ. ಅಲ್ಲಿ ನೀರು ಉಳಿಸಿದರೆ ಕೈಗೆ ಬರುವ ಕಾಸೂ ಇಲ್ಲ. ಪಂಪಿನ ಖರ್ಚನ್ನು ರೈತನೇ ಹೊರುವ ವಿಯೆಟ್ನಾಮಿನ ಆನ್ ಜಿಯಾಂಗ್ ಪ್ರಾಂತದಲ್ಲಿ ಈ ಪದ್ಧತಿ ಹೊಲದಿಂದ ಹೊಲಕ್ಕೆ ಹಬ್ಬಿತು. ಬಾಂಗ್ಲಾದೇಶದಲ್ಲಿ, ಪಂಪಿನ ಒಡೆಯನಿಗೆ ಇಡೀ ಬೆಳೆಗೆ ಒಂದೇ ಬಾಡಿಗೆ ತೆರುವ ಊರುಗಳಲ್ಲಿ, ನೀರು ಉಳಿದರೆ ಲಾಭ ಒಡೆಯನದು. ಗದ್ದೆಗಿಳಿದು ಕೊಳವೆಯೊಳಗೆ ಇಣುಕುವ ಕೆಲಸ ಮಾತ್ರ ರೈತನದು. ಅಲ್ಲಿ ಅದು ಹೆಚ್ಚು ದೂರ ಹೋಗಲಿಲ್ಲ.